ಡೆತ್ ವ್ಯಾಲಿಯ ನೆತ್ತಿಯ ಮೇಲೆ ಬಾಡಿಗೆಯಿಲ್ಲದ ಟೆಂಟ್ ತಾಣಗಳು

ಊರಿನಿಂದ ಅಪ್ಪ ಅಮ್ಮ ಅಮೆರಿಕಕ್ಕೆ ಬರುವುದು ಸಾಮಾನ್ಯವಾಗಿ ಮೇ ಮತ್ತು ಆಗಸ್ಟ್ ನಡುವೆ. ಮೊಮ್ಮಕ್ಕಳಿಗೂ ಆಗಲೇ ರಜೆ. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿರುವ ನಮ್ಮಂಥ ಕನ್ನಡದ ಮನೆಗಳಲ್ಲಿ ಆ ದಿನಗಳಲ್ಲಿ ಏಳುವ ಪ್ರಶ್ನೆ ಒಂದೇ: ಇವರನ್ನು ಎಲ್ಲಿಗೆ ಕರೆದುಕೊಂಡು ಹೋಗುವುದು? ನಾನು ಇಲ್ಲಿನ ಮರುಭೂಮಿಯ ರಾಷ್ಟ್ರೀಯ ಉದ್ಯಾನ ಡೆತ್ ವ್ಯಾಲಿ ಎಂದರೆ ಗೆಳತಿಯರು ಹೌಹಾರುತ್ತಾರೆ. ಕಣಿವೆಯ ತಳದ ಮಟ್ಟಿಗೆ ಅವರ ಗಾಬರಿ ಸರಿಯೇ. ಅಲ್ಲಿನ ಫರ್ನೇಸ್ ಕ್ರೀಕ್‌ನಲ್ಲಿ 1913ರ ಜುಲೈ 10ರಂದು ದಾಖಲಾದ 56.7 ಡಿಗ್ರಿ ಸೆಲ್ಸಿಯಸ್ ಇಂದಿಗೂ ಭೂಮಿಯ ಅಧಿಕೃತ ದಾಖಲೆ. ಬೇಸಿಗೆಯಲ್ಲಿ ಅಲ್ಲಿ ಟೆಂಟ್ ಹಾಕುವ ಮಾತೇ ಬೇಡ.

ಆದರೆ ಅದೇ ರಾಷ್ಟ್ರೀಯ ಉದ್ಯಾನದ ಪಶ್ಚಿಮ ಅಂಚಿನಲ್ಲಿ ಪನಾಮಿಂಟ್ ಬೆಟ್ಟಸಾಲಿದೆ. ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗಿರುವ ಬ್ಯಾಡ್‌ವಾಟರ್ ಉಪ್ಪಿನ ಬಯಲಿನ ಪಕ್ಕದಲ್ಲೇ ಎದ್ದು ನಿಂತಿರುವ ಈ ಸಾಲಿನ ತುತ್ತತುದಿ ಟೆಲಿಸ್ಕೋಪ್ ಪೀಕ್, 3,368 ಮೀಟರ್. ಈ ಬೆಟ್ಟಗಳ ಮಡಿಲಲ್ಲಿ ಒಂದೇ ದಾರಿಯ ಮೇಲೆ ಒಂದರ ಮೇಲೊಂದು ಮೂರು ಟೆಂಟ್ ತಾಣಗಳಿವೆ: ವೈಲ್ಡ್‌ರೋಸ್ 4,100 ಅಡಿಯಲ್ಲಿ, ಥಾರ್ನ್‌ಡೈಕ್ 7,400 ಅಡಿಯಲ್ಲಿ, ಮಹಾಗನಿ ಫ್ಲಾಟ್ 8,200 ಅಡಿಯಲ್ಲಿ. ಮೂರಕ್ಕೂ ಬಾಡಿಗೆ ಇಲ್ಲ, ಮುಂಗಡ ಕಾಯ್ದಿರಿಸುವ ವ್ಯವಸ್ಥೆಯೂ ಇಲ್ಲ. ಮೊದಲು ಬಂದವರಿಗೆ ಜಾಗ. ಉದ್ಯಾನದ ಪ್ರವೇಶ ಶುಲ್ಕವನ್ನು ಮಾತ್ರ ಕಟ್ಟಬೇಕು. ಒಂದು ಕಾರಿಗೆ ಏಳು ದಿನಕ್ಕೆ 30 ಡಾಲರ್. ನಗದು ತೆಗೆದುಕೊಳ್ಳುವುದಿಲ್ಲ, ಕಾರ್ಡ್ ಜೊತೆಗಿರಲಿ.

ಬಾಡಿಗೆ ಇಲ್ಲ ಎನ್ನುವುದನ್ನು ಸರಿಯಾಗಿ ಅರ್ಥಮಾಡಿಕೊಂಡು ಹೊರಡಬೇಕು. ಅಲ್ಲಿ ಕಾವಲುಗಾರನಿಲ್ಲ, ಅಂಗಡಿಯಿಲ್ಲ, ವಿದ್ಯುತ್ತಿಲ್ಲ, ಮೊಬೈಲ್ ಸಿಗ್ನಲ್ ನಂಬುವಂತಿಲ್ಲ. ಮೇಜು, ಬೆಂಕಿಗುಂಡಿ, ಗುಂಡಿ ಶೌಚಾಲಯ, ಇಷ್ಟು ಇರುತ್ತದೆ. ನೀರು, ಸೌದೆ, ಬೆಚ್ಚಗಿನ ಹೊದಿಕೆ ಎಲ್ಲವೂ ನಿಮ್ಮ ಕಾರಿನಲ್ಲೇ ಬೆಟ್ಟ ಹತ್ತಬೇಕು. ಇವನ್ನು ಹೊಂದಿಸಿಕೊಂಡರೆ ಮರುಭೂಮಿಯಲ್ಲಿ ಇದಕ್ಕಿಂತ ಒಳ್ಳೆಯ ರಾತ್ರಿ ಎಲ್ಲಿಯೂ ಸಿಗುವುದಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ.

ಯಾವಾಗ, ಯಾವ ತಾಣ

ಸಾವಿರ ಅಡಿ ಏರಿದಂತೆಲ್ಲ ಉಷ್ಣತೆ ಸುಮಾರು ಎರಡರಿಂದ ಮೂರು ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಕಣಿವೆಯ ತಳಕ್ಕೂ ಮಹಾಗನಿ ಫ್ಲಾಟ್‌ಗೂ ಎಂಟು ಸಾವಿರ ಅಡಿಗಿಂತ ಹೆಚ್ಚು ಅಂತರ. ಹಾಗಾಗಿ ಕೆಳಗೆ 45 ಡಿಗ್ರಿ ದಾಟಿದ ದಿನವೂ ಮೇಲೆ ಮರದ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಹಾಯಾಗಿ ಕೂರಬಹುದು, ಸಂಜೆಯಾದ ಮೇಲೆ ಸ್ವೆಟರ್ ಹುಡುಕಬೇಕಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೇಲಿನ ಎರಡು ತಾಣಗಳು ಒಳ್ಳೆಯವು. ಚಳಿಗಾಲದಲ್ಲಿ ಅಲ್ಲಿ ಹಿಮ ಬೀಳುತ್ತದೆ, ರಸ್ತೆ ಮುಚ್ಚುತ್ತದೆ. ಸಾಮಾನ್ಯವಾಗಿ ಮಾರ್ಚ್‌ನಿಂದ ನವೆಂಬರ್‌ವರೆಗೆ ಮಾತ್ರ ತೆರೆದಿರುತ್ತವೆ. ವೈಲ್ಡ್‌ರೋಸ್ ವರ್ಷವಿಡೀ ತೆರೆದಿರುತ್ತದೆ. ಅದು ವಸಂತಕ್ಕೂ ಅಕ್ಟೋಬರ್ ನವೆಂಬರ್‌ಗೂ ತಕ್ಕ ಜಾಗ, ನಡು ಬೇಸಿಗೆಯಲ್ಲಿ ಹಗಲು ಅಲ್ಲಿ ಬಿಸಿಲು ಚುರುಗುಟ್ಟುತ್ತದೆ.

ನೆರಳು ಎಂದೆನಲ್ಲ, ಅದು ಮೇಲಿನ ಎರಡು ತಾಣಗಳಲ್ಲಿ ಮಾತ್ರ. ವೈಲ್ಡ್‌ರೋಸ್ ಜಲ್ಲಿ ಹಾಸಿದ ಬಯಲು, ಸುತ್ತ ಬೋಳು ಗುಡ್ಡ. ಥಾರ್ನ್‌ಡೈಕ್ ಮತ್ತು ಮಹಾಗನಿ ಫ್ಲಾಟ್ ಇರುವುದು ಪಿನ್ಯಾನ್ ಪೈನ್, ಜೂನಿಪರ್ ಮತ್ತು ಮೌಂಟನ್ ಮಹಾಗನಿ ಮರಗಳ ನಡುವೆ. ಕುಳ್ಳ ಮರಗಳು, ಆದರೆ ದಟ್ಟ. ಪಿನ್ಯಾನ್ ಮರದ ಕೆಳಗೆ ಟೆಂಟ್ ಹಾಕುವ ಮೊದಲು ಮೇಲೆ ನೋಡಿ: ಅದರ ಅಂಟು ಹನಿದರೆ ಟೆಂಟಿನ ಬಟ್ಟೆಯಿಂದ ಹೋಗುವುದು ಕಷ್ಟ. ಕೈಗೆ ಅಂಟಿದ್ದನ್ನು ತೆಗೆಯಲು ಅಡುಗೆ ಎಣ್ಣೆ ಸಾಕು.

ವೈಲ್ಡ್‌ರೋಸ್‌ನಲ್ಲಿ ಇಪ್ಪತ್ತಕ್ಕೂ ಹೆಚ್ಚು ಜಾಗಗಳಿವೆ. ಮೇಲಿನವು ಎರಡೂ ಸೇರಿದರೂ ಇಪ್ಪತ್ತು ಆಗುವುದಿಲ್ಲ. ಶುಕ್ರವಾರ ಸಂಜೆ ಕತ್ತಲಾದ ಮೇಲೆ ಹೋಗಿ ಜಾಗ ಹುಡುಕುವ ಯೋಚನೆ ಬಿಡಿ. ಗುರುವಾರ ಹೋಗಿ, ಇಲ್ಲವೇ ಶುಕ್ರವಾರ ಮಧ್ಯಾಹ್ನದೊಳಗೆ ತಲುಪಿ. ಜಾಗ ಸಿಗದಿದ್ದರೆ ಕೆಳಗಿನ ವೈಲ್ಡ್‌ರೋಸ್‌ಗೆ ಇಳಿಯುವಷ್ಟು ಬೆಳಕು ಉಳಿದಿರಬೇಕು.

ವಯಸ್ಸಾದವರು ಜೊತೆಗಿದ್ದರೆ ಮೊದಲ ರಾತ್ರಿ ವೈಲ್ಡ್‌ರೋಸ್‌ನಲ್ಲೇ ಮಲಗಿ. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಮಹಾಗನಿ ಫ್ಲಾಟ್ ಅದಕ್ಕಿಂತಲೂ ಐನೂರು ಮೀಟರ್ ಮೇಲಿದೆ. ಸಮುದ್ರದ ಪಕ್ಕದ ಊರಿನಿಂದ ಒಂದೇ ದಿನದಲ್ಲಿ ಅಲ್ಲಿಗೆ ಏರಿದರೆ ಆರೋಗ್ಯವಂತರಿಗೂ ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಆಗಬಹುದು. ನೀರು ಕುಡಿದು ವಿಶ್ರಾಂತಿ ತೆಗೆದುಕೊಂಡರೂ ತಲೆನೋವು ಹೆಚ್ಚುತ್ತಲೇ ಇದ್ದರೆ ಬೆಳಗಾಗುವವರೆಗೆ ಕಾಯಬೇಡಿ, ಕೆಳಗಿಳಿಯಿರಿ. ಇಳಿಯುವುದೇ ಅದಕ್ಕೆ ಮದ್ದು. ಹೃದಯ ಅಥವಾ ಶ್ವಾಸಕೋಶದ ತೊಂದರೆ ಇರುವ ಹಿರಿಯರಾದರೆ ಹೊರಡುವ ಮೊದಲು ವೈದ್ಯರನ್ನು ಕೇಳಲೇಬೇಕು.

ದಾರಿ

ಲಾಸ್ ಏಂಜಲೀಸ್ ಕಡೆಯಿಂದ ಹೋಗುವವರಿಗೆ ರಿಡ್ಜ್‌ಕ್ರೆಸ್ಟ್ ಕೊನೆಯ ದೊಡ್ಡ ಊರು. ದಿನಸಿ, ಮಂಜುಗಡ್ಡೆ, ಸೌದೆ, ನೀರು ಎಲ್ಲವನ್ನೂ ಅಲ್ಲೇ ತುಂಬಿಕೊಳ್ಳಿ. ಪೆಟ್ರೋಲ್ ಟ್ಯಾಂಕ್ ಭರ್ತಿಯಾಗಲಿ. ಮುಂದೆ ಪನಾಮಿಂಟ್ ಸ್ಪ್ರಿಂಗ್ಸ್ ಮತ್ತು ಸ್ಟವ್‌ಪೈಪ್ ವೆಲ್ಸ್‌ನಲ್ಲಿ ಪೆಟ್ರೋಲ್ ಸಿಗುತ್ತದೆ, ಬೆಲೆ ಕೇಳಿದರೆ ಮನಸ್ಸು ಬರುವುದಿಲ್ಲ. ರಿಡ್ಜ್‌ಕ್ರೆಸ್ಟ್‌ನಿಂದ ಟ್ರೋನಾ ದಾಟಿ ಪನಾಮಿಂಟ್ ಕಣಿವೆಗೆ ಬಂದರೆ ಮುಂದೆ ಎರಡು ದಾರಿ. ಟ್ರೋನಾ–ವೈಲ್ಡ್‌ರೋಸ್ ರಸ್ತೆ ಹತ್ತಿರದ್ದು, ಆದರೆ ಪ್ರವಾಹಕ್ಕೆ ಕೊಚ್ಚಿಹೋಗಿ ಮುಚ್ಚುವುದುಂಟು. ಇನ್ನೊಂದು, 190ನೇ ಹೆದ್ದಾರಿಯಲ್ಲಿ ಟೌನ್ ಪಾಸ್ ದಾಟಿ, ಬಲಕ್ಕೆ ಎಮಿಗ್ರಂಟ್ ಕ್ಯಾನಿಯನ್ ರಸ್ತೆ ಹಿಡಿದು ಸುಮಾರು 21 ಮೈಲಿ. ಈ ರಸ್ತೆಯಲ್ಲಿ 25 ಅಡಿಗಿಂತ ಉದ್ದದ ವಾಹನಗಳಿಗೆ ಪ್ರವೇಶವಿಲ್ಲ. ಬಾಡಿಗೆಗೆ ದೊಡ್ಡ ಆರ್‌ವಿ, ಅಂದರೆ ಒಳಗೇ ಮಲಗುವ ಮನೆಗಾಡಿ, ತೆಗೆದುಕೊಳ್ಳುವ ಯೋಚನೆ ಇದ್ದವರು ಇದನ್ನು ಮೊದಲೇ ತಿಳಿದಿರಲಿ.

ಹೊರಡುವ ದಿನ ಬೆಳಿಗ್ಗೆ ಉದ್ಯಾನದ ಅಧಿಕೃತ ಜಾಲತಾಣದಲ್ಲಿ ರಸ್ತೆಗಳ ಸ್ಥಿತಿಯನ್ನು ಓದದೆ ಮನೆ ಬಿಡಬೇಡಿ. ಫೋನಿನ ನಕ್ಷೆ ಮುಚ್ಚಿದ ರಸ್ತೆಯನ್ನೂ ತೆರೆದಿದೆ ಎಂದು ತೋರಿಸಬಹುದು. ಮರುಭೂಮಿಯ ನೆಲ ನೀರು ಹೀರುವುದಿಲ್ಲ. ಎಲ್ಲೋ ದೂರದ ಗುಡ್ಡದ ಮೇಲೆ ಸುರಿದ ಮಳೆ ಇಲ್ಲಿ ಬಿಸಿಲಿರುವಾಗಲೇ ಹಳ್ಳ ತುಂಬಿ ಬರುತ್ತದೆ. 2023ರ ಆಗಸ್ಟ್ 20ರಂದು ಹಿಲರಿ ಚಂಡಮಾರುತದ ಶೇಷ ಇಲ್ಲಿಗೆ ಬಂದಾಗ ಫರ್ನೇಸ್ ಕ್ರೀಕ್‌ನಲ್ಲಿ ಒಂದೇ ದಿನ 2.2 ಇಂಚು ಮಳೆಯಾಯಿತು. ಅದು ಅಲ್ಲಿನ ಸುಮಾರು ಒಂದು ವರ್ಷದ ಮಳೆ. ರಸ್ತೆಗಳು ಕಿತ್ತುಹೋಗಿ ಇಡೀ ಉದ್ಯಾನವನ್ನೇ ಸುಮಾರು ಎರಡು ತಿಂಗಳು ಮುಚ್ಚಬೇಕಾಯಿತು. ಜುಲೈನಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನ ಗುಡುಗು ಮೋಡ ಕಟ್ಟಿದರೆ ಒಣ ಹಳ್ಳದ ಪಾತ್ರದಲ್ಲಿ ಕಾರು ನಿಲ್ಲಿಸಬೇಡಿ, ರಸ್ತೆಗೆ ಅಡ್ಡ ಹರಿಯುವ ನೀರಿಗೆ ಕಾರು ಇಳಿಸಲೇಬೇಡಿ.

ಟೌನ್ ಪಾಸ್ ಸುಮಾರು ಐದು ಸಾವಿರ ಅಡಿ ಎತ್ತರದ ಘಟ್ಟ. ಬೇಸಿಗೆಯಲ್ಲಿ ಹತ್ತುವಾಗ ಎಂಜಿನ್ ಬಿಸಿಯ ಮುಳ್ಳಿನ ಮೇಲೆ ಕಣ್ಣಿಡಿ. ಅದು ಏರತೊಡಗಿದರೆ ಎ.ಸಿ. ಆರಿಸಿ ಕಿಟಕಿ ತೆರೆಯಿರಿ. ಇಳಿಯುವುದರ ಬಗ್ಗೆ ನನಗೆ ಪಾಠ ಹೇಳಿದವರು ನನ್ನ ಅಪ್ಪ. ಚಿತ್ರದುರ್ಗ ಡಿಪೋದಲ್ಲಿ ಬಸ್ ಚಾಲಕರಾಗಿ ನಿವೃತ್ತರಾದವರು, ಪಶ್ಚಿಮ ಘಟ್ಟದ ತಿರುವುಗಳನ್ನು ರಾತ್ರಿ ಪಾಳಿಯಲ್ಲಿ ಇಳಿಸಿದವರು. ಪಕ್ಕದ ಸೀಟಿನಲ್ಲಿ ಕೂತು, "ನೋಡಮ್ಮ, ಘಟ್ಟವನ್ನು ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿಯಬೇಕು. ಬ್ರೇಕ್ ಇರುವುದು ನಿಲ್ಲಿಸುವುದಕ್ಕೆ, ಇಳಿಸುವುದಕ್ಕಲ್ಲ" ಎಂದರು. ಆಟೊಮ್ಯಾಟಿಕ್ ಕಾರಿನಲ್ಲೂ ಕೆಳ ಗೇರಿಗೆ ಹಾಕುವ ಸೌಲಭ್ಯ ಇದ್ದೇ ಇರುತ್ತದೆ. ಅದು ಎಲ್ಲಿದೆ ಎಂದು ಮನೆಯ ಮುಂದೆಯೇ ನೋಡಿಟ್ಟುಕೊಳ್ಳಿ.

ವೈಲ್ಡ್‌ರೋಸ್‌ವರೆಗೆ ಸಾಮಾನ್ಯ ಕಾರು ಸಾಕು. ಅಲ್ಲಿಂದ ಮೇಲೆ ಸುಮಾರು ಏಳು ಮೈಲಿಗೆ ಗಣಿ ಕಾಲದ ಹಳೆಯ ಇದ್ದಿಲು ಭಟ್ಟಿಗಳು ಸಿಗುತ್ತವೆ, ಕೊನೆಯ ಎರಡು ಮೈಲಿ ಜಲ್ಲಿ ರಸ್ತೆ. ನಿಧಾನವಾಗಿ ಹೋದರೆ ಅದೂ ಸಾಧ್ಯ. ಭಟ್ಟಿಗಳಾದ ಮೇಲೆ ಥಾರ್ನ್‌ಡೈಕ್ ಮತ್ತು ಮಹಾಗನಿ ಫ್ಲಾಟ್ ಇರುವ ಎರಡು ಮೈಲಿಯೊಳಗಿನ ಏರು ಬೇರೆಯೇ ಬಗೆಯದು. ಕಡಿದಾದ, ಕಲ್ಲು ಎದ್ದ, ಮಳೆನೀರು ಕೊರೆದ ಕಿರುದಾರಿ. ನೆಲದಿಂದ ಎತ್ತರವಿರುವ, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿ ಬೇಕು. ಬಾಡಿಗೆ ಕಾರಿನ ಕರಾರಿನಲ್ಲಿ ಮಣ್ಣುರಸ್ತೆಗೆ ವಿಮೆ ಇಲ್ಲವೆಂದು ಬರೆದಿರುವುದುಂಟು, ಓದಿ ನೋಡಿ. ಅಂಥ ಗಾಡಿ ಇಲ್ಲದಿದ್ದರೆ ವೈಲ್ಡ್‌ರೋಸ್‌ನಲ್ಲಿ ಟೆಂಟ್ ಹಾಕಿ, ಹಗಲಿನಲ್ಲಿ ಭಟ್ಟಿಗಳವರೆಗೆ ಕಾರಿನಲ್ಲಿ ಹೋಗಿ ಅಲ್ಲಿಂದ ನಡೆಯಿರಿ. ಅದರಲ್ಲಿ ಕಳೆದುಕೊಳ್ಳುವುದೇನೂ ಇಲ್ಲ.

ನೀರಿನ ಲೆಕ್ಕ

ವೈಲ್ಡ್‌ರೋಸ್‌ನಲ್ಲಿ ಕುಡಿಯುವ ನೀರಿನ ನಲ್ಲಿ ಇದೆ, ಆದರೆ ಚಳಿಗೆ ಕೊಳವೆ ಒಡೆಯಬಾರದೆಂದು ನಿಲ್ಲಿಸುವುದುಂಟು. ಮೇಲಿನ ಎರಡು ತಾಣಗಳಲ್ಲಿ ಒಂದು ಹನಿಯೂ ಇಲ್ಲ. ಆದ್ದರಿಂದ ನಲ್ಲಿಯೇ ಇಲ್ಲವೆಂದು ಭಾವಿಸಿ ಲೆಕ್ಕ ಹಾಕಿ. ಒಬ್ಬರಿಗೆ ದಿನಕ್ಕೆ ಕುಡಿಯಲು ಕನಿಷ್ಠ ನಾಲ್ಕು ಲೀಟರ್. ಅಡುಗೆಗೆ, ಕೈಕಾಲು ಮುಖಕ್ಕೆ, ಪಾತ್ರೆಗೆ ಇನ್ನೆರಡು. ಎರಡು ರಾತ್ರಿಯ ಪ್ರವಾಸ ಎಂದರೆ ಮೂರು ಹಗಲು. ನಾಲ್ಕು ಜನರ ಕುಟುಂಬಕ್ಕೆ ಎಪ್ಪತ್ತು ಲೀಟರ್ ಮುಟ್ಟುತ್ತದೆ. ಜೊತೆಗೆ ಬೆಂಕಿ ಆರಿಸಲು ನಾಲ್ಕೈದು ಲೀಟರ್ ಬೇರೆ ಇಡಿ. ಕಾರು ಕೆಟ್ಟು ಒಂದು ದಿನ ದಾರಿಯಲ್ಲೇ ಉಳಿಯಬೇಕಾದರೆ ಎಂದು ಇನ್ನೊಂದು ಡಬ್ಬ. ಇಷ್ಟನ್ನೂ ಒಂದೇ ದೊಡ್ಡ ಡಬ್ಬದಲ್ಲಿ ತುಂಬಬೇಡಿ. ಆ ಕಲ್ಲುದಾರಿಯ ಕುಲುಕಾಟಕ್ಕೆ ಒಂದು ಮುಚ್ಚಳ ಸಡಿಲವಾದರೂ ಉಳಿದದ್ದು ಉಳಿಯುವಂತೆ ಹಂಚಿ ತುಂಬಿ.

ಅಮ್ಮನಿಗೆ ಮೇಲೆ ಬಾಯಾರಿಕೆಯೇ ಆಗುವುದಿಲ್ಲ, ಬೆವರೂ ಕಾಣುವುದಿಲ್ಲ. ಅಪಾಯ ಇರುವುದೇ ಅಲ್ಲಿ. ಒಣ ಗಾಳಿಯಲ್ಲಿ ಬೆವರು ಬಂದ ಕೂಡಲೇ ಆರಿಹೋಗುತ್ತದೆ, ಉಸಿರಿನಲ್ಲೂ ನೀರು ಹೋಗುತ್ತಲೇ ಇರುತ್ತದೆ. ಹಿರಿಯರಿಗೂ ಮಕ್ಕಳಿಗೂ ಹೆಸರು ಬರೆದ ಬೇರೆ ಬೇರೆ ಬಾಟಲಿ ಕೊಟ್ಟು ಮಧ್ಯಾಹ್ನದೊಳಗೆ ಎಷ್ಟು ಖಾಲಿಯಾಯಿತು ಎಂದು ನೋಡಿ. ಉಪ್ಪು ಹಾಕಿದ ನಿಂಬೆಹಣ್ಣಿನ ಪಾನಕ ಬರಿ ನೀರಿಗಿಂತ ಸುಲಭವಾಗಿ ಒಳಗೆ ಹೋಗುತ್ತದೆ.

ಅಡುಗೆ

ಇಲ್ಲಿ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ನಮ್ಮ ಅಡುಗೆಗೆ ಎತ್ತರ ತಕರಾರು ಮಾಡುತ್ತದೆ. 8,200 ಅಡಿಯಲ್ಲಿ ಗಾಳಿಯ ಒತ್ತಡ ಕಡಿಮೆ. ನೀರು 100 ಡಿಗ್ರಿಗೆ ಬದಲು ಸುಮಾರು 92 ಡಿಗ್ರಿಗೇ ಕುದಿಯುತ್ತದೆ. ಪಾತ್ರೆಯಲ್ಲಿ ತೊಗರಿಬೇಳೆ ಇಟ್ಟು ಎಷ್ಟು ಹೊತ್ತು ಕುದಿಸಿದರೂ ಕಾಳು ಕಾಳಾಗಿಯೇ ಉಳಿಯುತ್ತದೆ, ಗ್ಯಾಸ್ ಮುಗಿಯುತ್ತದೆ. ಅದಕ್ಕೇ ಮೂರು ಲೀಟರಿನ ಪ್ರೆಷರ್ ಕುಕ್ಕರ್ ನನ್ನ ಪಟ್ಟಿಯಲ್ಲಿ ಟೆಂಟಿನ ನಂತರದ ಸ್ಥಾನದಲ್ಲಿದೆ. ಬೆಳಿಗ್ಗೆ ಮನೆಯಿಂದ ಹೊರಡುವಾಗಲೇ ಬೇಳೆಯನ್ನು ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ನೆನೆಹಾಕಿ ಕಾರಿನಲ್ಲಿಡಿ. ಮೇಲೆ ತಲುಪುವ ಹೊತ್ತಿಗೆ ಅದು ಉಬ್ಬಿ ಮೆತ್ತಗಾಗಿರುತ್ತದೆ. ಮನೆಯಲ್ಲಿ ಮೂರು ಸೀಟಿ ಕೂಗಿಸುವ ಕಡೆ ಇಲ್ಲಿ ಐದು ಕೂಗಿಸಿ. ಗ್ಯಾಸ್ಕೆಟ್ ಹಳೆಯದಾಗಿದ್ದರೆ ಹೊಸದು ಹಾಕಿಕೊಂಡೇ ಹೊರಡಿ, ಬೆಟ್ಟದ ಮೇಲೆ ಅದು ಸಿಗುವ ಅಂಗಡಿ ಇಲ್ಲ. ತೊಗರಿಗಿಂತ ಹೆಸರುಬೇಳೆ ಬೇಗ ಬೇಯುತ್ತದೆ. ಅಕ್ಕಿ, ಹೆಸರುಬೇಳೆ, ಮೆಣಸು, ಜೀರಿಗೆ ಎಲ್ಲವನ್ನೂ ಒಟ್ಟಿಗೆ ಹಾಕಿ ಖಾರ ಪೊಂಗಲ್ ಮಾಡಿದರೆ ಒಂದೇ ಪಾತ್ರೆ, ತೊಳೆಯುವ ನೀರೂ ಉಳಿತಾಯ.

ಬೆಳಗಿನ ತಿಂಡಿಗೆ ಅವಲಕ್ಕಿಗಿಂತ ಒಳ್ಳೆಯದಿಲ್ಲ. ಗಟ್ಟಿ ಅವಲಕ್ಕಿ ನೆನೆಸಲು ಒಂದು ಲೋಟ ನೀರು ಸಾಕು. ಒಗ್ಗರಣೆಯ ಸಾಮಾನನ್ನು ಮನೆಯಲ್ಲೇ ಹುರಿದು ಪೊಟ್ಟಣ ಕಟ್ಟಿಕೊಂಡರೆ ಚಳಿಯಲ್ಲಿ ಒಲೆಯ ಮುಂದೆ ಹೆಚ್ಚು ಹೊತ್ತು ನಿಲ್ಲಬೇಕಿಲ್ಲ. ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ಹಾಗಾಗಿ ಸಪೂರ ಕೊರಳಿನ ಬಾಟಲಿಯಲ್ಲಿ ತಂದರೆ ಬೆಳಿಗ್ಗೆ ಒಂದು ತೊಟ್ಟೂ ಹೊರಗೆ ಬರುವುದಿಲ್ಲ. ಅಗಲ ಬಾಯಿಯ ಡಬ್ಬಿಯಲ್ಲಿ ತನ್ನಿ. ಒಡೆದ ತುಟಿಗೂ ಮೂಗಿನ ಒಳಗೂ ಸವರಿಕೊಳ್ಳಲು ಅದು ಬೇಕೇ ಬೇಕು. ಉಪ್ಪಿನಕಾಯಿ ಡಬ್ಬಿಯನ್ನು ಮೇಲೆ ತೆರೆಯುವಾಗ ತಟ್ಟೆಯ ಮೇಲೆ ಹಿಡಿದು ನಿಧಾನವಾಗಿ ತಿರುಗಿಸಿ. ಕೆಳಗೆ ಮುಚ್ಚಿದ ಗಾಳಿ ಮೇಲೆ ಹಿಗ್ಗಿರುತ್ತದೆ, ಎಣ್ಣೆಯನ್ನು ಹೊರಗೆ ದಬ್ಬುತ್ತದೆ.

ಒಲೆಯ ಬಗ್ಗೆ ಒಂದು ಮಾತು. ಏಷ್ಯನ್ ಅಂಗಡಿಗಳಲ್ಲಿ ಸಿಗುವ ಉದ್ದನೆಯ ಡಬ್ಬಿಯ ಗ್ಯಾಸ್ ಒಲೆಗಳಲ್ಲಿ ಹೆಚ್ಚಾಗಿ ಇರುವುದು ಬ್ಯೂಟೇನ್. ಸೊನ್ನೆ ಡಿಗ್ರಿಯ ಹತ್ತಿರ ಬ್ಯೂಟೇನ್ ಆವಿಯಾಗುವುದೇ ಇಲ್ಲ, ಡಬ್ಬಿ ತುಂಬಿದ್ದರೂ ಒಲೆ ಹತ್ತದು. ಮೇ ಮತ್ತು ಅಕ್ಟೋಬರ್ ತಿಂಗಳ ಮುಂಜಾವಿನಲ್ಲಿ ಈ ಎತ್ತರದಲ್ಲಿ ಅಷ್ಟು ಚಳಿ ಸಹಜ. ಪ್ರೊಪೇನ್ ಒಲೆ ತನ್ನಿ, ಅದಕ್ಕೆ ಈ ತೊಂದರೆಯಿಲ್ಲ. ಮಳೆ ಬರಲಿ ಗಾಳಿ ಬೀಸಲಿ, ಒಲೆಯನ್ನಾಗಲಿ ಕೆಂಡವನ್ನಾಗಲಿ ಟೆಂಟಿನೊಳಗೆ ತರಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ.

ಸೌದೆ ಮತ್ತು ಭಟ್ಟಿಗಳು

ಸುತ್ತ ಬಿದ್ದ ಕಟ್ಟಿಗೆ ಕಂಡರೂ ಆರಿಸುವಂತಿಲ್ಲ, ಉದ್ಯಾನದಲ್ಲಿ ಸೌದೆ ಕೂಡಿಸುವುದು ಅಪರಾಧ. ಕೊಂಡು ತಂದ ಸೌದೆಯನ್ನು ಬೆಂಕಿಗುಂಡಿಯೊಳಗೆ ಮಾತ್ರ ಉರಿಸಬೇಕು, ಅದೂ ಬೇಸಿಗೆಯ ಬೆಂಕಿ ನಿಷೇಧ ಜಾರಿಯಲ್ಲಿ ಇಲ್ಲದಾಗ. ಈ ನಿಯಮ ಏಕೆ ಎಂಬುದು ಇದ್ದಿಲು ಭಟ್ಟಿಗಳ ಮುಂದೆ ನಿಂತರೆ ಮಕ್ಕಳಿಗೂ ತಿಳಿಯುತ್ತದೆ. 1877ರಲ್ಲಿ ಮೋಡಾಕ್ ಎಂಬ ಗಣಿ ಕಂಪನಿ ಇಲ್ಲಿ ಸಾಲಾಗಿ ಹತ್ತು ಭಟ್ಟಿಗಳನ್ನು ಕಟ್ಟಿಸಿತು. ಸುಮಾರು 25 ಅಡಿ ಎತ್ತರದ ಕಲ್ಲಿನ ಗೋಪುರಗಳು. ಪಶ್ಚಿಮದ ಆರ್ಗಸ್ ಬೆಟ್ಟಗಳಲ್ಲಿ ಬೆಳ್ಳಿ ಮತ್ತು ಸೀಸದ ಅದಿರು ಕರಗಿಸಲು ಇದ್ದಿಲು ಬೇಕಿತ್ತು, ಮರ ಇದ್ದದ್ದು ಈ ಬೆಟ್ಟದ ಮೇಲೆ. ಕೆಲವೇ ವರ್ಷ ಉರಿದು ಭಟ್ಟಿಗಳು ತಣ್ಣಗಾದವು. ಮರುಭೂಮಿಯ ಮರ ಬೆಳೆಯಲು ತಲೆಮಾರುಗಳೇ ಬೇಕು. ಒಳಗೆ ಹೋಗಿ ಗೋಡೆಗೆ ಮೂಗು ಹತ್ತಿರ ಹಿಡಿಯಿರಿ, ಹೊಗೆಯ ವಾಸನೆ ಇನ್ನೂ ಇದೆ. ಚಪ್ಪಾಳೆ ತಟ್ಟಿದರೆ ಗುಮ್ಮಟದಲ್ಲಿ ಪ್ರತಿಧ್ವನಿ ಸುತ್ತುತ್ತದೆ. ನನ್ನ ಮಗ ಅಲ್ಲಿಂದ ಹೊರಗೆ ಬರಲು ಒಪ್ಪುವುದೇ ಇಲ್ಲ.

ಆ ಪಿನ್ಯಾನ್ ಮರಗಳ ನಿಜವಾದ ಹಕ್ಕುದಾರರು ಟಿಂಬಿಶಾ ಶೋಶೋನ್ ಜನ. ಅವರು ಬೇಸಿಗೆಯಲ್ಲಿ ಕಣಿವೆ ಬಿಟ್ಟು ಈ ಬೆಟ್ಟಗಳಿಗೆ ಏರಿ ಬರುತ್ತಿದ್ದರು, ಶರತ್ಕಾಲದಲ್ಲಿ ಪಿನ್ಯಾನ್ ಬೀಜ ಕೂಡಿಸಿ ಚಳಿಗಾಲಕ್ಕೆ ಉಳಿಸುತ್ತಿದ್ದರು. ಇಂದಿಗೂ ಅವರ ಸಮುದಾಯ ಫರ್ನೇಸ್ ಕ್ರೀಕ್‌ನಲ್ಲಿದೆ. 2000ದಲ್ಲಿ ಅಮೆರಿಕದ ಸಂಸತ್ತು ಕಾಯಿದೆ ಮಾಡಿ ಅವರ ನೆಲದ ಒಂದು ಪಾಲನ್ನು ಅವರಿಗೆ ಹಿಂದಿರುಗಿಸಿತು. ನಾವು ಬೇಸಿಗೆಯಲ್ಲಿ ಬೆಟ್ಟ ಹತ್ತುವುದು ಅವರು ನಡೆದ ದಾರಿಯಲ್ಲೇ. ಆ ಗೌರವ ಮನಸ್ಸಿನಲ್ಲಿರಲಿ, ಕಾಯಿ ಕೀಳುವುದು, ಕೊಂಬೆ ಮುರಿಯುವುದು ಬೇಡ.

ಗಾಳಿ, ಚಳಿ, ಇಲಿ

ವೈಲ್ಡ್‌ರೋಸ್‌ನಲ್ಲಿ ಸಂಜೆಯ ಗಾಳಿ ಟೆಂಟನ್ನು ಎತ್ತಿಕೊಂಡು ಹೋಗುವಷ್ಟು ಜೋರು. ಟೆಂಟಿನ ಜೊತೆ ಬರುವ ತೆಳುವಾದ ಅಲ್ಯೂಮಿನಿಯಂ ಗೂಟಗಳು ಆ ಜಲ್ಲಿ ನೆಲದಲ್ಲಿ ಬಾಗುತ್ತವೆ; ಉಕ್ಕಿನ ಉದ್ದ ಗೂಟ ಮತ್ತು ಸುತ್ತಿಗೆ ತನ್ನಿ. ಟೆಂಟಿನ ತಗ್ಗಾದ ಬದಿ ಗಾಳಿಗೆ ಎದುರಾಗಿರಲಿ, ಬಾಗಿಲು ವಿರುದ್ಧ ದಿಕ್ಕಿಗಿರಲಿ. ಮೊದಲು ನೆಲದ ನಾಲ್ಕು ಮೂಲೆಗೆ ಗೂಟ ಹೊಡೆದು ಆಮೇಲೆ ಕಂಬಿ ಎತ್ತಿ. ಗೂಟ ಇಳಿಯದ ಕಡೆ ಹಗ್ಗವನ್ನು ಕಲ್ಲಿಗೆ ಸುತ್ತಿ, ಅದರ ಮೇಲೆ ಇನ್ನೊಂದು ಭಾರದ ಕಲ್ಲು ಹೇರಿ. ಹೊರಡುವಾಗ ಕಲ್ಲು ಇದ್ದ ಜಾಗಕ್ಕೆ ಹೋಗಲಿ.

ಚಳಿ ಮೇಲಿನಿಂದ ಬರುವುದಕ್ಕಿಂತ ನೆಲದಿಂದ ಬರುವುದು ಹೆಚ್ಚು. ಎಷ್ಟು ದುಬಾರಿ ಸ್ಲೀಪಿಂಗ್ ಬ್ಯಾಗ್ ಇದ್ದರೂ ಕೆಳಗೆ ದಪ್ಪ ಹಾಸು ಇಲ್ಲದಿದ್ದರೆ ಸೊಂಟ ಹಿಡಿಯುತ್ತದೆ. ಗಾಳಿ ತುಂಬಿದ ಹಾಸಿಗೆಯೊಂದನ್ನೇ ನಂಬಬೇಡಿ, ಅದರೊಳಗಿನ ಗಾಳಿಯೇ ತಣ್ಣಗಾಗುತ್ತದೆ; ಕೆಳಗೆ ಫೋಮ್ ಹಾಳೆ ಹಾಕಿ. ಅಪ್ಪ ಊರಿನಿಂದ ಬರುವಾಗ ಚಳ್ಳಕೆರೆಯ ಕುರಿ ಉಣ್ಣೆಯ ಕಂಬಳಿ ತಂದಿದ್ದರು. ಸೂಟ್‌ಕೇಸಿನ ಅರ್ಧ ತೂಕ ಅದರದೇ. ಅದನ್ನು ಮಡಿಸಿ ಹಾಸಿನ ಮೇಲೆ ಹಾಕಿದ ಮೇಲೆ ಅವರಿಬ್ಬರೂ ಬೆಳಗಿನವರೆಗೆ ಕದಲಲಿಲ್ಲ. ಇಂಥ ಕಂಬಳಿ ಮನೆಯಲ್ಲಿದ್ದರೆ ಖಂಡಿತ ತನ್ನಿ. ಮಲಗುವಾಗ ಬಿಸಿನೀರಿನ ಬಾಟಲಿಯನ್ನು ಕಾಲಿನ ಬಳಿ ಇಟ್ಟುಕೊಳ್ಳಿ, ತಲೆಗೆ ಟೊಪ್ಪಿ ಹಾಕಿ, ನಾಳೆಯ ಕಾಲುಚೀಲ ಸ್ಲೀಪಿಂಗ್ ಬ್ಯಾಗಿನೊಳಗೇ ಇರಲಿ.

ಇಲ್ಲಿ ಕರಡಿಯ ಭಯವಿಲ್ಲ, ಇಲಿಯ ಕಾಟ ಇದೆ. ಊಟದ ಸಾಮಾನು, ಟೂತ್‌ಪೇಸ್ಟ್, ಕಸ ಎಲ್ಲವೂ ಕಾರಿನೊಳಗೆ ಗಟ್ಟಿ ಡಬ್ಬದಲ್ಲಿರಲಿ, ಟೆಂಟಿನಲ್ಲಿ ಒಂದು ಬಿಸ್ಕತ್ತೂ ಬೇಡ. ಇಲಿಗಳು ಎಂಜಿನ್ನಿನ ಬಿಸಿಗೆ ಒಳಸೇರಿ ವೈರ್ ಕಡಿಯುವುದುಂಟು, ಬೆಳಿಗ್ಗೆ ಕಾರು ಚಾಲೂ ಮಾಡುವ ಮೊದಲು ಬಾನೆಟ್ ಎತ್ತಿ ಕಣ್ಣಾಡಿಸಿ. ಹಗಲಿನಲ್ಲಿ ಕಾಡುಕಾಗೆಗಳು ಚೀಲದ ಜಿಪ್ ಎಳೆದು ತೆರೆಯಬಲ್ಲವು. ಕತ್ತೆಗಳು ಕಂಡರೆ ದೂರದಿಂದ ನೋಡಿ, ತಿನ್ನಿಸಬೇಡಿ. ಗಣಿಗಾರರು ಬಿಟ್ಟುಹೋದ ಕತ್ತೆಗಳ ಸಂತತಿ ಅವು, ಈಗ ಪೂರ್ತಿ ಕಾಡುಪ್ರಾಣಿಗಳು. ಬಾಲ ಅಲುಗಿಸಿ ಸದ್ದು ಮಾಡುವ ವಿಷದ ಹಾವೂ ಈ ಬೆಟ್ಟದಲ್ಲಿದೆ. ಕತ್ತಲಲ್ಲಿ ಶೌಚಾಲಯಕ್ಕೆ ಹೋಗುವಾಗ ಮುಚ್ಚಿದ ಬೂಟು ಮತ್ತು ಟಾರ್ಚ್ ಇರಲಿ, ಹೊರಗೆ ಬಿಟ್ಟ ಬೂಟನ್ನು ಕೊಡವಿ ಹಾಕಿಕೊಳ್ಳಿ. ಶೌಚಾಲಯದಲ್ಲಿ ಕಾಗದ ಮುಗಿದಿರಬಹುದು, ನೀರಂತೂ ಇಲ್ಲ. ಚೊಂಬಿನ ಅಭ್ಯಾಸವಿರುವ ಹಿರಿಯರಿಗಾಗಿ ಒಂದು ಲೀಟರ್ ಬಾಟಲಿ ಬೇರೆ ತುಂಬಿಡಿ. ಇದನ್ನು ಹೇಳಲು ಯಾರೂ ಸಂಕೋಚಪಡಬೇಕಿಲ್ಲ.

ಹಗಲು ರಾತ್ರಿ ಏನು ಮಾಡುವುದು

ಕಾಲು ಗಟ್ಟಿ ಇದ್ದವರು ಮಹಾಗನಿ ಫ್ಲಾಟ್‌ನಿಂದ ಟೆಲಿಸ್ಕೋಪ್ ಪೀಕ್ ಹತ್ತಬಹುದು. ಹೋಗಲು ಏಳು ಮೈಲಿ, ಬರಲು ಏಳು, ಮೂರು ಸಾವಿರ ಅಡಿ ಏರು. ಬೆಳಗಿನ ಜಾವವೇ ಹೊರಡಬೇಕು. ಮೇ ತಿಂಗಳವರೆಗೂ ಮೇಲೆ ಹಿಮಗಡ್ಡೆ ಇರಬಹುದು. ನಮ್ಮ ಮನೆಯವರಂತೆ ಮೂರು ತಲೆಮಾರು ಒಟ್ಟಿಗೆ ಹೋದರೆ ಅದೇ ಕಾಲುದಾರಿಯಲ್ಲಿ ಮೊದಲ ಒಂದೆರಡು ಮೈಲಿ ನಡೆದು ಹಿಂತಿರುಗಿ. ಬಲಬದಿಗೆ ಬೆಟ್ಟ, ಎಡಬದಿಗೆ ಹತ್ತು ಸಾವಿರ ಅಡಿಯ ಆಸುಪಾಸಿನ ಇಳಿಜಾರು, ಅದರ ತಳದಲ್ಲಿ ಬೆಳ್ಳಗೆ ಬ್ಯಾಡ್‌ವಾಟರ್ ಉಪ್ಪು. ಭಟ್ಟಿಗಳ ಬಳಿಯಿಂದ ಹೊರಡುವ ವೈಲ್ಡ್‌ರೋಸ್ ಪೀಕ್ ದಾರಿ ಒಂದು ಕಡೆಗೆ ಸುಮಾರು ನಾಲ್ಕು ಮೈಲಿ. ಮರದ ನೆರಳು ಹೆಚ್ಚು, ನನಗೆ ಅದೇ ಇಷ್ಟ.

ರಾತ್ರಿಗೆ ಅಮಾವಾಸ್ಯೆಯ ಆಸುಪಾಸಿನ ದಿನ ಆರಿಸಿಕೊಳ್ಳಿ. ಡೆತ್ ವ್ಯಾಲಿಗೆ 2013ರಿಂದ ಅಂತರರಾಷ್ಟ್ರೀಯ ಕತ್ತಲ ಆಕಾಶದ ಮಾನ್ಯತೆ ಇದೆ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು, ಅಷ್ಟು ಹೊತ್ತು ಫೋನ್ ಚೀಲದೊಳಗಿರಲಿ, ಹೆಡ್‌ಲ್ಯಾಂಪ್ ಕೆಂಪು ಬೆಳಕಿಗೆ ಹಾಕಿ. ಅಪ್ಪ ಕಂಬಳಿ ಹೊದ್ದು ಕೂತು ಸಪ್ತರ್ಷಿಗಳನ್ನು ಹಿಡಿದು ಧ್ರುವ ನಕ್ಷತ್ರ ಹುಡುಕಿದರು, "ಇದೇನು ಇಷ್ಟು ಮೇಲೆ ಹೋಗಿದೆ?" ಎಂದು ಬೆರಗಾದರು. ಚಿತ್ರದುರ್ಗದಲ್ಲಿ ಧ್ರುವ ದಿಗಂತದಿಂದ 14 ಡಿಗ್ರಿಯಷ್ಟೇ ಮೇಲೆ, ಇಲ್ಲಿ 36 ಡಿಗ್ರಿ. ಊರಿನಿಂದ ಬಂದವರಿಗೆ ತಾವು ಭೂಮಿಯ ಮೇಲೆ ಎಷ್ಟು ಉತ್ತರಕ್ಕೆ ಬಂದಿದ್ದೇವೆ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವುದು ಬೇರೊಂದಿಲ್ಲ. ಮಕ್ಕಳಿಗೆ ಮುಷ್ಟಿಯಲ್ಲಿ ಅಳೆಯಲು ಕಲಿಸಿ: ತೋಳು ಚಾಚಿ ಹಿಡಿದ ಒಂದು ಮುಷ್ಟಿ ಸುಮಾರು ಹತ್ತು ಡಿಗ್ರಿ.

ಇಳಿಯುವ ದಿನ

ಕಸದ ತೊಟ್ಟಿ ಇರಲಿ ಇಲ್ಲದಿರಲಿ, ನಿಮ್ಮ ಕಸ ನಿಮ್ಮ ಜೊತೆಗೇ ಇಳಿಯಲಿ. ಪಿಸ್ತಾ ಸಿಪ್ಪೆ, ಕಿತ್ತಳೆ ಸಿಪ್ಪೆಯೂ ಸೇರಿದಂತೆ, ಏಕೆಂದರೆ ಈ ಒಣ ನೆಲದಲ್ಲಿ ಅವು ಕೊಳೆಯುವುದಿಲ್ಲ. ಬೆಂಕಿಗುಂಡಿಗೆ ಎತ್ತಿಟ್ಟ ನೀರು ಸುರಿದು, ಕೋಲಿನಿಂದ ಕಲಕಿ, ಮತ್ತೆ ಸುರಿದು, ಬೂದಿಯ ಮೇಲೆ ಅಂಗೈ ಹಿಡಿದು ನೋಡಿ. ಬಿಸಿ ತಾಗಿದರೆ ಇನ್ನಷ್ಟು ನೀರು. ಉಳಿದ ಕುಡಿಯುವ ನೀರನ್ನು ಭಾರವೆಂದು ಚೆಲ್ಲಬೇಡಿ, ಕೆಳಗಿನ ದಾರಿಗೆ ಅದು ಬೇಕಾಗುತ್ತದೆ. ಬೇಸಿಗೆಯಾದರೆ ಬೆಳಿಗ್ಗೆ ಏಳರೊಳಗೆ ಗಾಡಿ ಇಳಿಸಿ. ಕೆಳ ಗೇರಿನಲ್ಲಿ ನಿಧಾನವಾಗಿ ಬಂದರೂ ಬಿಸಿಲು ಏರುವ ಮೊದಲೇ ಪನಾಮಿಂಟ್ ಕಣಿವೆ ದಾಟಿ ಟ್ರೋನಾ ಸೇರಬಹುದು.